ಅರ್ಧಕ್ಕೆ ನಿಂತ ಕಾರ್ಡುಗಳು

ಅಗ್ಗದ ಮೆಮೊರಿ ಕಾರ್ಡು ಗಟ್ಟಿಯೋ ಜೊಳ್ಳೋ ಎಂದು ತಿಳಿಯಲು ನಾನು ಕಂಡುಹಿಡಿದ ಉಪಾಯ ಬೇರೆ ಯಾರಿಗೂ ಹೊಳೆದಿರಲಿಕ್ಕಿಲ್ಲ. ಹೊಳೆದಿದ್ದರೂ ಅವರ ಮನೆಯಲ್ಲಿ ಬಿಟ್ಟಿರುವುದಿಲ್ಲ. ತಾರಸಿಗೆ ಹೋಗಬೇಕು. ನೀರಿನ ಟ್ಯಾಂಕಿನ ಎದುರು ಕ್ಯಾಮೆರಾ ನಿಲ್ಲಿಸಬೇಕು. ಮೋಟರ್ ಹಾಕಿ ಮರೆತವನ ಹಾಗೆ ಕೂತುಬಿಡಬೇಕು. ಟ್ಯಾಂಕು ತುಂಬಿ, ಮುಚ್ಚಳದ ಸಂದಿಯಿಂದ ಉಕ್ಕಿ, ಸುತ್ತಲೂ ಧಾರೆಯಾಗಿ ಬೀಳತೊಡಗಿದಾಗ ರೆಕಾರ್ಡ್ ಗುಂಡಿ ಒತ್ತಬೇಕು.

ಇದು ಹುಚ್ಚಾಟವಲ್ಲ, ಇದಕ್ಕೆ ಕಾರಣವಿದೆ. ಬರೀ ಗೋಡೆಗೆ ಕ್ಯಾಮೆರಾ ಹಿಡಿದರೆ ಎಂಥ ದರಿದ್ರ ಕಾರ್ಡೂ ಪಾಸಾಗುತ್ತದೆ. ಗೋಡೆಯಲ್ಲಿ ಬರೆದುಕೊಳ್ಳುವಂಥದ್ದು ಏನಿದೆ? ಬೀಳುವ ನೀರು ಹಾಗಲ್ಲ. ಒಂದು ಹನಿ ಇನ್ನೊಂದರ ಹಾಗಿರುವುದಿಲ್ಲ. ಕ್ಯಾಮೆರಾ ಅದನ್ನೆಲ್ಲ ಹಿಡಿದು ಹಿಡಿದು ಕಾರ್ಡಿನ ಬಾಯಿಗೆ ತುರುಕುತ್ತದೆ. ನುಂಗಲಾಗದ ಕಾರ್ಡು ಸ್ವಲ್ಪ ಹೊತ್ತಿಗೆ ಕೈ ಎತ್ತುತ್ತದೆ. ರೆಕಾರ್ಡಿಂಗ್ ತಾನಾಗಿಯೇ ನಿಂತಿತು ಎಂದು ಪರದೆ ಹೇಳುತ್ತದೆ. ನಿಲ್ಲದೆ ಕೊನೆಯವರೆಗೂ ನುಂಗಿದ ಕಾರ್ಡು ಪಾಸು.

ಪ್ಯಾಕೆಟ್ಟಿನ ಮೇಲೆ ಬರೆದಿರುವುದನ್ನು ನಂಬಿದರೆ ಸಾಲದೇ ಎಂದು ನೀವು ಕೇಳಬಹುದು. ಅಲ್ಲಿ ದಪ್ಪ ಅಕ್ಷರದಲ್ಲಿ ಇರುವುದು ಓದುವ ವೇಗ. ಮದುವೆ ಮನೆಯಲ್ಲಿ ವಿಡಿಯೋ ತೆಗೆಯುವ ನಮಗೆ ಬೇಕಾಗುವುದು ಬರೆಯುವ ವೇಗ. ಅದನ್ನು ಯಾರೂ ದಪ್ಪ ಅಕ್ಷರದಲ್ಲಿ ಹಾಕುವುದಿಲ್ಲ. 'ಏರ್‌ಪೋರ್ಟಿಗೆ ಇಪ್ಪತ್ತೇ ನಿಮಿಷ' ಎಂದು ರಾಜಾನುಕುಂಟೆಯ ಲೇಔಟಿನಲ್ಲಿ ಬೋರ್ಡು ನೆಟ್ಟವರು ಯಾವ ಹೊತ್ತಿನಲ್ಲಿ ಎಂದು ಹಾಕುವುದಿಲ್ಲವಲ್ಲ, ಹಾಗೆ. ಕಾರ್ಡಿನ ಮೂಲೆಯಲ್ಲಿ ಇರುವೆಯಷ್ಟು ಚಿಕ್ಕದಾಗಿ 'ವಿ' ಅಕ್ಷರವೂ ಪಕ್ಕದಲ್ಲೊಂದು ಅಂಕಿಯೂ ಇರುತ್ತವೆ. ಎಷ್ಟೇ ಸುಸ್ತಾದರೂ ಇದಕ್ಕಿಂತ ನಿಧಾನ ಆಗುವುದಿಲ್ಲ ಎಂದು ಕಾರ್ಡು ಕೊಡುವ ಮಾತು ಅದು. ಒಳ್ಳೆಯ ಕಾರ್ಡು ಮಾತು ಉಳಿಸಿಕೊಳ್ಳುತ್ತದೆ. ಅಗ್ಗದ್ದು ಮಾತನ್ನು ಅಚ್ಚು ಹಾಕಿಸಿಕೊಂಡಿರುತ್ತದೆ, ಅಷ್ಟೇ. ಇನ್ನೂ ಕಿಲಾಡಿ ಕಾರ್ಡುಗಳಿವೆ. ಹೇಳಿಕೊಂಡಷ್ಟು ಜಾಗ ಅವುಗಳ ಹೊಟ್ಟೆಯಲ್ಲಿ ಇರುವುದೇ ಇಲ್ಲ. ತುಂಬಿದ ಮೇಲೂ ತುಂಬಿಲ್ಲ ಎನ್ನುತ್ತಾ ಹಳೆಯದರ ಮೇಲೆ ಹೊಸದನ್ನು ಬರೆಯುತ್ತಾ ಹೋಗುತ್ತವೆ. ಮನೆಗೆ ಬಂದು ನೋಡಿದರೆ ಊಟದ ಪಂಕ್ತಿ ಇರುತ್ತದೆ, ಮುಹೂರ್ತ ಇರುವುದಿಲ್ಲ. ಆದ್ದರಿಂದ ಕಾರ್ಡನ್ನು ಕಂಠಪೂರ್ತಿ ತುಂಬಿಸಿ, ಮತ್ತೆ ಮೊದಲಿನಿಂದ ಹಾಕಿ ನೋಡಬೇಕು.

ಇಷ್ಟೆಲ್ಲ ಜ್ಞಾನ ನನಗೆ ಬಂದದ್ದು ಒಂದು ಹಸುವಿನಿಂದ. ಆಗ ನಾನು ಈ ಕೆಲಸಕ್ಕೆ ಹೊಸಬ. ರಾಜಾನುಕುಂಟೆಯ ಹತ್ತಿರ ಒಂದು ಗೃಹಪ್ರವೇಶ. ಊರಿನ ಹಳೇ ಕುಳ, ಈಗ ಬಿಲ್ಡರ್. ಅರಮನೆಯಂಥ ಮನೆ ಕಟ್ಟಿದ್ದರು. ಮೊದಲು ಹಸು ಒಳಗೆ ಬರಬೇಕು, ಆಮೇಲೆ ಮನೆಯವರು. ಹಸು ಅರಿಶಿನ ಕುಂಕುಮ ಹಚ್ಚಿಸಿಕೊಂಡು, ಹೊಳೆಯುವ ಟೈಲ್ಸಿನ ಮೇಲೆ ಜಾರದ ಹಾಗೆ ಹೆಜ್ಜೆ ಇಡುತ್ತಾ ಗಾಂಭೀರ್ಯದಿಂದ ಹೊಸ್ತಿಲು ದಾಟಿತು. ಅದೇ ಕ್ಷಣಕ್ಕೆ ನನ್ನ ಕಾರ್ಡು ನಿಂತಿತು.

"ಸಾರ್, ಹಸು ಇನ್ನೊಂದ್ಸಲ ಆಚೆ ಹೋಗಿ ಒಳಗ್ ಬರ್ಲಿ," ಅಂದೆ.

ಯಜಮಾನರು ನನ್ನನ್ನೂ ಹಸುವನ್ನೂ ನೋಡಿದರು. "ಯಾಕಪ್ಪಾ, ಅದೇನ್ ಈರೋಯಿನ್ನಾ, ಎಲ್ಡೆಲ್ಡು ಟೇಕ್ ತಗಳಾಕೆ?"

ಹಸುವನ್ನು ಹಿಂದಕ್ಕೆ ನಡೆಸಿದರು. ಹಿಂದಕ್ಕೆ ನಡೆಯುವುದು ಹಸುವಿಗೆ ಇಷ್ಟವಾಗಲಿಲ್ಲ. ಎರಡನೇ ಸಲ ಹೊಸ್ತಿಲ ಮೇಲೆ ನಿಂತು, ಬಾಲ ಎತ್ತಿ, ಟೈಲ್ಸಿನ ಮೇಲೆ ಧಾರಾಳವಾಗಿ ತನ್ನ ಅಭಿಪ್ರಾಯ ಹಾಕಿತು. ಹೆಂಗಸರು ಒಳ್ಳೆಯದಾಯಿತು, ಲಕ್ಷ್ಮಿ ಬಂದಳು ಎಂದರು. ಲಕ್ಷ್ಮಿಯನ್ನು ಎತ್ತಿ ಹೊರಗೆ ಹಾಕಿದ್ದು ನಾನು. ಅಂದಿನಿಂದ ಟೆಸ್ಟು ಮಾಡದ ಕಾರ್ಡನ್ನು ಕ್ಯಾಮೆರಾಕ್ಕೆ ಹಾಕಿಲ್ಲ.

ನಮ್ಮ ಮನೆ ಯಲಹಂಕದ ಹಳೇ ಊರಿನಲ್ಲಿ. ಕೆಳಗೆ ನಾವು, ಮೇಲೆ ಬಾಡಿಗೆಯವರು, ಅದರ ಮೇಲೆ ಟ್ಯಾಂಕು. ಅಪ್ಪನಿಗೆ ಒಂದು ಕಾಲದಲ್ಲಿ ದ್ರಾಕ್ಷಿ ತೋಟವಿತ್ತು. ತೋಟ ಲೇಔಟ್ ಆದ ಮೇಲೆ ಅವನು ಕಾಯಲು ಉಳಿದದ್ದು ಈ ಟ್ಯಾಂಕೊಂದೇ. ನೀರು ಉಕ್ಕಿದ ಸದ್ದು ಮನೆಯ ಯಾವ ಮೂಲೆಯಲ್ಲಿದ್ದರೂ ಅವನ ಕಿವಿಗೆ ಬೀಳುತ್ತಿತ್ತು. ಬಚ್ಚಲಲ್ಲಿದ್ದರೆ ಸೋಪಿನ ಸಮೇತ ಹಿತ್ತಲಿಗೆ ಬಂದು ಕೂಗುತ್ತಿದ್ದ.

"ಯಾವನ್ಲಾ ಅದು ಮ್ಯಾಲೆ? ಮೋಟ್ರು ಆಪ್ ಮಾಡ್ಲಾ! ನೀರೇನ್ ನಿಮ್ಮಪ್ಪನ ಮನೇದಾ?"

ನನ್ನಪ್ಪನ ಮನೆಯದೇ ಆಗಿತ್ತು. ಆದರೆ ಅದನ್ನು ಹೇಳುವಷ್ಟು ಧೈರ್ಯ ನನಗೆ ಯಾವತ್ತೂ ಬರಲಿಲ್ಲ. ಬೇಕಂತಲೇ ಉಕ್ಕಿಸುತ್ತಿದ್ದೇನೆ ಎಂದೂ ಹೇಳಲಿಲ್ಲ. ಮರೆತೆ ಎನ್ನುತ್ತಿದ್ದೆ. ಮಗ ದಡ್ಡ ಎಂದು ಅಪ್ಪ ನಂಬಲು ಹೆಚ್ಚು ಸಾಕ್ಷಿಯೇನೂ ಬೇಕಿರಲಿಲ್ಲ.

ಒಂದು ಬೆಳಿಗ್ಗೆ ಪೇಪರ್ ಓದುತ್ತಾ ಕೂತಿದ್ದ ಅಪ್ಪನ ಕೈಯಿಂದ ಕಾಫಿ ಲೋಟ ಜಾರಿತು. ಅಮ್ಮ ಬಟ್ಟೆ ತಂದು ಒರೆಸಿದಳು. ಇನ್ನೊಂದು ಲೋಟ ಕೊಟ್ಟಳು. ಅದೂ ಜಾರಿತು. ಆಗ ನಾವು ಅವನ ಮುಖ ನೋಡಿದೆವು. ಬಾಯಿ ಒಂದು ಕಡೆಗೆ ಎಳೆದಿತ್ತು. ಏನೋ ಹೇಳಲು ಹೊರಟ. "ತಾ ತಾ ತಾ" ಎಂದು ಬಂತು.

ಹೆಬ್ಬಾಳದ ಕಡೆಯ ಒಂದು ಆಸ್ಪತ್ರೆಗೆ ಹೋದೆವು. ಲಕ್ವ ಅಂದರು. ಬಲಗೈ, ಬಲಗಾಲು, ಮಾತು, ಮೂರೂ ಹೋಗಿವೆ, ಕಾಲು ಮೊದಲು ಬರಬಹುದು ಅಂದರು. ಅಮ್ಮ ಅತ್ತಳು. ನಾನು ಹೊರಗಿನ ಕುರ್ಚಿಯಲ್ಲಿ ಕೂತು ಜೇಬಿನಲ್ಲಿದ್ದ ಹೊಸ ಕಾರ್ಡಿನ ಪ್ಯಾಕೆಟ್ಟು ಓದಿದೆ. ನೀರು ಬಿದ್ದರೆ ಏನೂ ಆಗುವುದಿಲ್ಲ ಎಂದಿತ್ತು. ಚಳಿಗೆ ಏನೂ ಆಗುವುದಿಲ್ಲ, ಎಕ್ಸ್‌ರೇ ಬಿದ್ದರೂ ಏನೂ ಆಗುವುದಿಲ್ಲ ಎಂದಿತ್ತು. ಅದನ್ನು ಮತ್ತೆ ಮತ್ತೆ ಓದಿದೆ. ನನಗೂ ಏನೂ ಆಗಲಿಲ್ಲ. ಅಳು ಬರುತ್ತದೇನೋ ಎಂದು ಕಾದೆ. ಹಸಿವಾಯಿತು, ಎರಡು ಇಡ್ಲಿ ತಿಂದೆ.

ಮನೆಗೆ ಬಂದ ಮೇಲೂ ಹಾಗೇ. ಶೂಟಿಂಗಿಗೆ ಹೋದೆ, ಬಂದೆ, ಅಪ್ಪನನ್ನು ಎತ್ತಿ ಕೂರಿಸಿದೆ, ಶೇವ್ ಮಾಡಿದೆ. ನೋಡಲು ಬಂದ ನೆಂಟರನ್ನು ನಗಿಸಲು ನೋಡಿದೆ. "ಈಗ ಮನೇಲಿ ಸೈಲೆಂಟ್ ಮೋಡ್," ಅಂದೆ. ನೆಂಟರು ನಗಲಿಲ್ಲ, ನಾನೂ ನಗಲಿಲ್ಲ. ಆ ಮಾತು ನನ್ನ ಬಾಯಿಂದ ಬಂದದ್ದು ನಾನು ತಮಾಷೆಯವನು ಎಂಬ ಅಭ್ಯಾಸಕ್ಕೆ.

ಮಾತು ಕಲಿಸುವ ಡಾಕ್ಟರಮ್ಮ ಆರ್.ಟಿ. ನಗರದಲ್ಲಿದ್ದರು. ವಾರಕ್ಕೆರಡು ಸಲ ಅಪ್ಪನನ್ನು ಕಾರಿನಲ್ಲಿ ಕೂರಿಸಿಕೊಂಡು ಹೋಗುವುದು. ಮುಂಚೆ ಹೆಬ್ಬಾಳದ ಫ್ಲೈಓವರಿನ ಮೇಲೆ ಜಾಮ್ ಆದರೆ ಅಪ್ಪ ಕಿಟಕಿ ಇಳಿಸಿ, ಎದುರಿನವನಿಂದ ಸರ್ಕಾರದವರೆಗೆ ಎಲ್ಲರನ್ನೂ ಬೈಯುತ್ತಿದ್ದ. ಈಗ ಅವನು ಸುಮ್ಮನೆ ಕೂತಿರುತ್ತಿದ್ದ. ಅಮ್ಮ ಹಿಂದಿನ ಸೀಟಿನಲ್ಲಿ ದೇವರ ಹೆಸರು ಹೇಳಿಕೊಳ್ಳುತ್ತಿದ್ದಳು.

ಡಾಕ್ಟರಮ್ಮ ಧಾರವಾಡದ ಕಡೆಯವರು. ನನಗಿಂತ ಸ್ವಲ್ಪ ದೊಡ್ಡವರು, ಮುಖದಲ್ಲಿ ನಗು. ಅಪ್ಪನ ಮುಂದೆ ಲೋಟ ಹಿಡಿದು ಕೇಳುತ್ತಿದ್ದರು. "ಇದೇನ್ರಿ ಯಜಮಾನ್ರ? ನೀ... ನೀ... ನೀರು. ಅನ್ರಿ ನೋಡೋಣು."

ಅಪ್ಪ ಅವರ ಮುಖವನ್ನು, ತನ್ನ ಭಾಷೆ ಬಾರದವರನ್ನು ನೋಡುವ ಹಾಗೆ ನೋಡುತ್ತಿದ್ದ. "ತಾ," ಎನ್ನುತ್ತಿದ್ದ. ಆಮೇಲೆ ಅದೂ ಇಲ್ಲ. ಮುಖ ತಿರುಗಿಸಿ ಗೋಡೆ ನೋಡುತ್ತಿದ್ದ.

ಕೆಲವು ವಾರ ಕಳೆದ ಮೇಲೆ ಅವರು ನನ್ನನ್ನೂ ಅಮ್ಮನನ್ನೂ ಕೂರಿಸಿಕೊಂಡರು.

"ನೋಡ್ರಿ, ನನ್ನ ಮಾತು ಇವರಿಗೆ ಹೊರಗಿನ ಮಾತು ಅನ್ನಸ್ತದ. ಇವರದ ಮಾತು, ಇವರದ ದನಿ ಬೇಕ್ರಿ. ಮನ್ಯಾಗ ದಿನಾ ಏನ್ ಅಂತಿದ್ರು? ದಿನಾ ದಿನಾ ಆಡಿದ್ದು ಕೆಲವೊಮ್ಮೆ ಒಳಗ ಹಂಗ ಉಳದಿರ್ತದ. ಹಳೇ ವಿಡಿಯೋ ಅದಾವೇನ್ರಿ, ಇವರು ಮಾತಾಡೋದು?"

"ಇರುತ್ತೆ ಬಿಡಿ ಮೇಡಂ," ಅಂದೆ. "ನಾನು ವಿಡಿಯೋ ತೆಗೆಯೋನೇ ಅಲ್ವಾ."

"ಲಗೂ ತರ್ರಿ. ಈಗ ಬಾಯಿ ತಗೀಲಿಲ್ಲ ಅಂದ್ರ ಇವರು ಪ್ರಯತ್ನ ಮಾಡೂದೂ ಬಿಡ್ತಾರ. ಆಮ್ಯಾಲೆ ಭಾಳ ಕಷ್ಟ."

ಊರವರ ಮದುವೆ, ಮುಂಜಿ, ನಾಮಕರಣಗಳನ್ನೆಲ್ಲ ಸೆರೆಹಿಡಿದ ಕಲಾವಿದನ ಮನೆಯಲ್ಲಿ ಅಪ್ಪನ ಒಂದು ಮಾತೂ ಸಿಗಲಿಲ್ಲ. ಅಕ್ಕನ ಮದುವೆಯ ವಿಡಿಯೋ ತೆಗೆದೆ. ಅಪ್ಪ ಚಪ್ಪರದ ಕೆಳಗೆ ನಿಂತು ಯಾರಿಗೋ ಕೈ ಬೀಸಿ ಬೈಯುತ್ತಿದ್ದಾನೆ, ಬಾಯಿ ಆಡುತ್ತಿದೆ, ಮೇಲೆ ಶಹನಾಯಿ. ಇನ್ನೊಂದು ತೆಗೆದೆ. ಅಪ್ಪ ನಗುತ್ತಾ ಬೀಗರಿಗೆ ಏನೋ ಹೇಳುತ್ತಿದ್ದಾನೆ, ಮೇಲೆ ಪ್ರೇಮಗೀತೆ. ನಾವು ವಿಡಿಯೋದವರು ಮೊದಲು ಕಿತ್ತು ಬಿಸಾಡುವುದೇ ಜನರ ಮಾತನ್ನು. ಗಲಾಟೆ ಕಡಿಮೆಯಾಗಲಿ ಎಂದು ಹಾಡು ಹಾಕುತ್ತೇವೆ. ಮೂಲ ಫೈಲುಗಳನ್ನು ಜಾಗ ಸಾಲದೆಂದು ಯಾವತ್ತೋ ಅಳಿಸಿದ್ದೆ. ಫೋನಿನಲ್ಲೂ ಏನಿಲ್ಲ. ಅಪ್ಪ ಫೋನಿನಲ್ಲಿ ಮಾತಾಡುತ್ತಿದ್ದುದೇ "ಎಲ್ಲಿದ್ದೀಯ, ಬಾ, ಮಡುಗು" ಅಂತ. ಅದನ್ನು ಯಾರು ರೆಕಾರ್ಡ್ ಮಾಡುತ್ತಾರೆ?

ನನ್ನ ಜೊತೆ ಶೂಟಿಂಗಿಗೆ ಬರುವ ಗೆಳೆಯನೊಬ್ಬನಿದ್ದಾನೆ, ಗಂಗಾನಗರದವನು. ಅವನ ಮನೆ ಹತ್ತಿರದ ಬೇಕರಿಯ ಮುಂದೆ ಟೀ ಕುಡಿಯುತ್ತಾ ಇದನ್ನು ಹೇಳಿದೆ.

"ಅಪ್ಪ ಬೈಯೋ ವಿಡಿಯೋ ಇತ್ತಲ್ಲ ಮಗಾ," ಅಂದ ಅವನು. "ಟ್ಯಾಂಕ್ ಹತ್ರ ಟೆಸ್ಟ್ ಮಾಡ್ವಾಗ. ನಂಗೆ ತೋರಿಸ್ಕೊಂಡು ಬಿದ್ದು ಬಿದ್ದು ನಗ್ತಿದ್ದೆ."

"ಎಲ್ಲಾ ಅಳಿಸಿ ಫಾರ್ಮ್ಯಾಟ್ ಹೊಡೆದಾಯ್ತು ಮಚ್ಚಾ. ಪಾಸಾದ್ ಕಾರ್ಡ್ನ ಫಾರ್ಮ್ಯಾಟ್ ಮಾಡ್ದೆ ಮದ್ವೆಗೆ ತಗೊಂಡ್ ಹೋಗ್ತಾರಾ?"

"ಪಾಸಾಗಿದ್ದು ಬಿಡು ಗುರು. ಫೇಲಾಗಿದ್ದು?"

ನಾನು ಟೀ ಲೋಟ ಕೆಳಗಿಟ್ಟೆ.

"ನಿನ್ ರೂಮಲ್ಲಿ ಬೀರು ಬಾಗ್ಲಿಗೆ ಅಂಟಿಸ್ಕೊಂಡಿದ್ಯಲ್ಲೋ, ಹೆಣಗಳ ಥರ," ಅಂದ. "ಅವನ್ನ ಯಾವನ್ ಫಾರ್ಮ್ಯಾಟ್ ಮಾಡ್ತಾನೆ?"

ಅದು ನನ್ನದೇ ಇನ್ನೊಂದು ಘನಕಾರ್ಯ. ಫೇಲಾದ ಕಾರ್ಡುಗಳನ್ನು ಬಿಸಾಡಲು ಹೊಟ್ಟೆ ಉರಿದು, ಬೀರುವಿನ ಬಾಗಿಲಿಗೆ ಸಾಲಾಗಿ ಅಂಟಿಸಿದ್ದೆ. ಮೇಲೆ ಮಾರ್ಕರ್ ಪೆನ್ನಿನಲ್ಲಿ 'ಹುತಾತ್ಮರು' ಎಂದೂ ಬರೆದಿದ್ದೆ. ಅಂಟಿಸಿದ್ದು, ಚಪ್ಪಲಿ ಕಿತ್ತರೂ ಮೂಗು ಕಿತ್ತರೂ ಕೂಡಿಸುವ ಗೋಂದಿನಲ್ಲಿ. ಬುದ್ಧಿವಂತನಾದ ನಾನು ಕಾರ್ಡಿನ ಹೆಸರು ಚೆನ್ನಾಗಿ ಕಾಣಲಿ ಎಂದು, ಹಿತ್ತಾಳೆ ಬಣ್ಣದ ಪಟ್ಟಿಗಳಿರುವ ಹಿಂಭಾಗಕ್ಕೇ ಗೋಂದು ಹಚ್ಚಿದ್ದೆ. ಕಾರ್ಡಿಗೆ ಜೀವ ಇರುವುದೇ ಆ ಪಟ್ಟಿಗಳಲ್ಲಿ.

ಮನೆಗೆ ಬಂದು ಅಡುಗೆಮನೆಯ ದೋಸೆ ಮಗುಚುವ ಕೈ ತೆಗೆದುಕೊಂಡು ಕೆರೆಯಲು ಕೂತೆ. ಮೊದಲ ಕಾರ್ಡು ಹಪ್ಪಳದ ಹಾಗೆ ಮುರಿಯಿತು. ಎರಡನೆಯದು ಬೀರುವಿನ ಬಣ್ಣದ ಸಮೇತ ಬಂತು. ಸದ್ದಿಗೆ ಅಮ್ಮ ಬಂದಳು.

"ಅದರಲ್ಲೇನೋ ಕೆರೀತಿದ್ದೀಯ? ನಾಳೆ ದೋಸೆ ಎಂಗ್ ಎಬ್ಬಿಸ್ಲಿ?"

"ಅಪ್ಪನ್ ಮಾತು ಇದೆ ಇದ್ರಲ್ಲಿ."

ಅಮ್ಮ ಬೀರುವನ್ನು ನೋಡಿದಳು, ನನ್ನನ್ನು ನೋಡಿದಳು. ಆ ದಿನಗಳಲ್ಲಿ ಅವಳು ಯಾವುದಕ್ಕೂ ಆಶ್ಚರ್ಯಪಡುತ್ತಿರಲಿಲ್ಲ. "ಮೆಲ್ಲಕೆ ಕೆರಿ," ಎಂದು ಒಳಗೆ ಹೋದಳು.

ಉಗುರುಬಣ್ಣ ತೆಗೆಯುವ ದ್ರವ ಹಚ್ಚಿದರೆ ಗೋಂದು ಬಿಡುತ್ತದೆ ಎಂದು ಯಾರೋ ಹೇಳಿದ್ದು ನೆನಪಾಯಿತು. ಮೇಲಿನ ಮನೆಯವರ ಹತ್ತಿರ ಇಸ್ಕೊಂಡು ಬಂದು ಧಾರಾಳವಾಗಿ ಸುರಿದೆ. ಗೋಂದು ಬಿಟ್ಟಿತು. ಒಂದು ಕಾರ್ಡು ಬೆಲ್ಲದ ಅಚ್ಚಿನ ಹಾಗೆ ಮೆತ್ತಗಾಗಿ ನನ್ನ ಹೆಬ್ಬೆರಳ ಗುರುತನ್ನು ಶಾಶ್ವತವಾಗಿ ಇಟ್ಟುಕೊಂಡಿತು. ಆಮೇಲೆ ಹತ್ತಿಯಲ್ಲಿ ಅದ್ದಿ, ಮಗುವಿನ ಕಿವಿ ತೊಳೆದ ಹಾಗೆ ಒರೆಸಿದೆ. ನೆಟ್ಟಗೆ ಉಳಿದವನ್ನು ಒಂದೊಂದಾಗಿ ಕ್ಯಾಮೆರಾಕ್ಕೆ ಹಾಕಿದೆ. ಕೆಲವನ್ನು ಕ್ಯಾಮೆರಾ ಕಾರ್ಡೇ ಅಲ್ಲ ಎಂದಿತು. ಕೆಲವು ತೆರೆದುಕೊಂಡವು.

ತೀರಾ ನಿಧಾನದ ಕಾರ್ಡುಗಳಲ್ಲಿ ಬರೀ ನೀರು ಇತ್ತು. ಟ್ಯಾಂಕು ಉಕ್ಕಿದ ಸದ್ದು ಅಪ್ಪನನ್ನು ಮುಟ್ಟಿ ಅವನು ಹಿತ್ತಲಿಗೆ ಬರುವಷ್ಟರಲ್ಲಿ ಅವು ನಿಂತುಹೋಗಿದ್ದವು. ವೇಗದ ಕಾರ್ಡುಗಳು ಅಪ್ಪನನ್ನು ಪೂರ್ತಿ ಹಿಡಿದಿದ್ದವು. ಅವನ್ನು ನಾನೇ ಫಾರ್ಮ್ಯಾಟ್ ಮಾಡಿ ಬೇರೆಯವರ ಮದುವೆ ತುಂಬಿದ್ದೆ. ಉಳಿದವು ಇವೆರಡರ ಮಧ್ಯದವು. ಒಂದರಲ್ಲಿ ನೀರು ಬೀಳುವ ಸದ್ದಿನ ಹಿಂದೆ, ಕೆಳಗಿನಿಂದ, "ಯಾವನ್ಲಾ ಅದು ಮ್ಯಾ" ಅಂತ ಕೇಳಿ ನಿಂತಿತು. ಇನ್ನೊಂದರಲ್ಲಿ "ಮೋಟ್ರು ಆಪ್" ತನಕ ಬಂತು. ಮತ್ತೊಂದರಲ್ಲಿ "ನೀರೇನ್ ನಿಮ್ಮಪ್ಪನ" ತನಕ. ಅಪ್ಪ ಎಲ್ಲೂ ಕಾಣುವುದಿಲ್ಲ. ಟ್ಯಾಂಕು, ನೀರು, ಹಿಂದೆ ಒಣಗಲು ಹಾಕಿದ ಮೇಲಿನ ಮನೆಯವರ ಲುಂಗಿ. ದನಿ ಮಾತ್ರ ಅವನದು.

ಆ ದನಿ ಕೇಳಿದರೆ ಏನಾದರೂ ಆಗುತ್ತದೆ ಎಂದುಕೊಂಡಿದ್ದೆ. ನಾನು ಗಮನಿಸಿದ್ದು ಗಾಳಿಯ ಸದ್ದು ಜಾಸ್ತಿ ಇದೆ, ಮೈಕಿಗೆ ಸ್ಪಂಜಿನ ಕವರ್ ಹಾಕಬೇಕಿತ್ತು ಎಂಬುದನ್ನು.

ಡಾಕ್ಟರಮ್ಮ ಕೇಳಿ ಮೊದಲು ಬೆಚ್ಚಿದರು, ಆಮೇಲೆ ನಕ್ಕರು.

"ಹಿಂಗ ಬೈತಿದ್ರೇನ್ರಿ ದಿನಾ?"

"ದಿನಾ ಮೇಡಂ. ಆದ್ರೆ ಯಾವ್ದೂ ಪೂರ್ತಿ ಇಲ್ಲ. ಕಾರ್ಡ್ ಸರಿ ಇರ್ಲಿಲ್ಲ. ಒಂದ್ರದ್ ಅರ್ಧ ಇನ್ನೊಂದಕ್ಕೆ ಸೇರಿಸಿ ಎಡಿಟ್ ಮಾಡ್ಕೊಂಡ್ ಬರ್ಲಾ?"

"ಬ್ಯಾಡ್ರಿ ಬ್ಯಾಡ್ರಿ, ಕೈ ಹಚ್ಚಬ್ಯಾಡ್ರಿ. ಅರ್ಧಕ್ಕ ನಿಂತದ್ದ ಛಲೋ ಆತು. ಉಳಿದರ್ಧ ಅವರ ಬಾಯಾಗಿಂದ ಬರ್ತದೇನ್ ನೋಡೋಣು."

ಕ್ಯಾಮೆರಾವನ್ನು ಮೇಜಿನ ಮೇಲೆ, ಅಪ್ಪನ ಎದುರಿಗೆ ಇಟ್ಟೆ. ಮೊದಲ ಕಾರ್ಡು ಹಾಕಿದೆ. ನೀರು ಬೀಳುವ ಸದ್ದು ಶುರುವಾದ ಕೂಡಲೇ ಅಪ್ಪ ತಲೆ ಎತ್ತಿ ಸೂರು ನೋಡಿದ. ಎಡಗೈಯನ್ನು ಕುರ್ಚಿಗೆ ಊರಿ ಏಳಲು ಹೋದ. ನನ್ನ ಕಡೆ ತಿರುಗಿ ಕೈಯಾಡಿಸಿದ, ಹೋಗು ಹೋಗು ಎಂದು.

"ಇಲ್ಲಿ ಟ್ಯಾಂಕಿಲ್ಲ ಅಪ್ಪಾ. ಆರ್.ಟಿ. ನಗರ ಇದು."

ಅಷ್ಟರಲ್ಲಿ ದನಿ ಬಂತು. ಯಾವನ್ಲಾ ಅದು ಮ್ಯಾ. ಅಪ್ಪ ಬಾಗಿಲ ಕಡೆ ನೋಡಿದ. ಬೈದವರು ಯಾರು ಎಂದು ಹುಡುಕುತ್ತಿದ್ದ. ಎರಡನೇ ಕಾರ್ಡು ಹಾಕಿದೆ. ಮೋಟ್ರು ಆಪ್. ಅಪ್ಪ ಕ್ಯಾಮೆರಾವನ್ನೇ ನೋಡುತ್ತಾ ಕೂತ. ಬಾಯಿ ಮುಚ್ಚಿತ್ತು. ಡಾಕ್ಟರಮ್ಮ ಸುಮ್ಮನಿರಿ ಎಂದು ನಮಗೆ ಕಣ್ಣಲ್ಲೇ ಹೇಳಿದರು. ಮೂರನೆಯದು ಹಾಕಿದೆ. ನೀರೇನ್ ನಿಮ್ಮಪ್ಪನ.

ನಿಂತಿತು. ಹೊರಗೆ ಒಂದು ಸ್ಕೂಟರ್ ಸ್ಟಾರ್ಟ್ ಆಗದೆ ಕೆಮ್ಮುತ್ತಿತ್ತು. ಅಪ್ಪನ ತುಟಿ ಸೇರಿತು, ಬಿಟ್ಟಿತು, ಮತ್ತೆ ಸೇರಿತು.

"ಮ್... ಮನೇದಾ."

ಅಮ್ಮ ಸೆರಗನ್ನು ಬಾಯಿಗೆ ಒತ್ತಿಕೊಂಡಳು. "ಊಂ ಕಣ್ರೀ," ಅಂದಳು. "ನಿಮ್ಮನೇದೇ. ನಿಮ್ಮನೇದೇ ನೀರು."

"ಶಾಬಾಸ್ ಯಜಮಾನ್ರ!" ಎಂದು ಡಾಕ್ಟರಮ್ಮ ಮೇಜು ತಟ್ಟಿದರು. "ಇನ್ನೊಮ್ಮೆ ಹಚ್ರಿ!"

ಇನ್ನೊಮ್ಮೆ ಹಚ್ಚಿದೆ. ಮನೇದಾ. ಮತ್ತೊಮ್ಮೆ. ಮನೇದಾ. ಅಮ್ಮ ಅಳುತ್ತಿದ್ದಳು, ಡಾಕ್ಟರಮ್ಮ ನಗುತ್ತಿದ್ದರು. ನಾನು ಕ್ಯಾಮೆರಾದ ಬ್ಯಾಟರಿ ನೋಡುತ್ತಿದ್ದೆ. ಕೆಂಪಗಾಗಿತ್ತು.

ಆಮೇಲೆ ನಮ್ಮ ಮನೆಯಲ್ಲಿ ಆ ಒಂದೇ ಮಾತು. ಕಾಫಿ ಬೇಕಾ ಅಂದರೆ ಮನೇದಾ. ಸಾಕಾ ಅಂದರೆ ಮನೇದಾ. ಬಾಡಿಗೆಯವರು ಹುಷಾರಾ ಸಾರ್ ಅಂದರೂ ಅದೇ. ಮೋಟ್ರು ಆಪ್ ಎಂದು ಕಾರ್ಡು ನಿಂತರೆ ಕೆಲವು ದಿನ ಮಾಡ್ಲಾ ಎಂದೂ ಅನ್ನುತ್ತಿದ್ದ. ಆದರೆ ಕಾರ್ಡು ಹಾಕದಿದ್ದರೆ ಅದು ಬರುತ್ತಿರಲಿಲ್ಲ. ನಾನು ಬಿಡಲಿಲ್ಲ. ಚಮಚ ಹಿಡಿದೆ, ಬಾಚಣಿಗೆ ಹಿಡಿದೆ, ಚಪ್ಪಲಿ ಹಿಡಿದೆ. ಹೇಳಲು ಎಷ್ಟು ಹೊತ್ತು ತೆಗೆದುಕೊಳ್ಳುತ್ತಾನೆ, ಎಲ್ಲಿ ನಿಲ್ಲುತ್ತಾನೆ ಎಂದು ನೋಡುತ್ತಾ ಕೂತೆ.

"ಅವರೇನು ನಿನ್ ಕಾರ್ಡೇನೋ, ಇಂಗ್ ಟೆಸ್ಟ್ ಮಾಡಾಕೆ?" ಎಂದು ಅಮ್ಮ ಕೈಯಲ್ಲಿದ್ದ ಚಪ್ಪಲಿ ಕಿತ್ತುಕೊಂಡಳು. ಅದರಲ್ಲೇ ಹೊಡೆಯುತ್ತಾಳೇನೋ ಎಂದುಕೊಂಡೆ. ಹೊಡೆಯಲಿಲ್ಲ. ಒಳಗೆ ತೆಗೆದುಕೊಂಡು ಹೋಗಿ ಎಲ್ಲಿಡುವುದು ತಿಳಿಯದೆ ಮತ್ತೆ ತಂದಿಟ್ಟಳು.

ಡಾಕ್ಟರಮ್ಮನನ್ನು ಕೇಳಿದೆ. ಅವರು ಮುಚ್ಚಿಡಲಿಲ್ಲ.

"ರೂಢಿ ಮಾತು ತಾನ ಉರುಳಿ ಬರ್ತದ್ರಿ, ಹಾಡಿನಂಗ. ಅದರಿಂದ ಬಾಯಿ ತೆರೀತು, ಅದ ದೊಡ್ಡದು. ಆದ್ರ ತನಗ ಏನೋ ಬೇಕಂತ ಅನ್ನಿಸಿ, ಹುಡುಕಿ ಒಂದು ಮಾತು ತಗೀಬೇಕು. ಅದ ಬ್ಯಾರೆ. ಅಂಥದೊಂದು ಬಂತಂದ್ರ ಮುಂದ ದಾರಿ ಐತಿ."

"ಬರ್ಲಿಲ್ಲ ಅಂದ್ರೆ?"

"ಕಾಯೋಣ್ರಿ," ಅಂದರು.

ಕಾದೆವು. ಮಧ್ಯೆ ಎರಡು ಮದುವೆ, ಒಂದು ಬೀಗರೂಟ ಮುಗಿಸಿದೆ. ಬೀಗರೂಟದಲ್ಲಿ ಮೂಳೆ ಕಡಿಯುವವರ ಬಾಯಿಯ ಹತ್ತಿರಕ್ಕೆ ಕ್ಯಾಮೆರಾ ಹಿಡಿದು ಬೈಸಿಕೊಂಡೆ. ಜನರ ಮಾತು ಅಳಿಸದೆ ಹಾಗೇ ಇಟ್ಟೆ. ಮದುವೆ ಮನೆಯವರು ಫೋನ್ ಮಾಡಿ ಹಾಡು ಯಾಕೆ ಇಲ್ಲ ಎಂದು ಜಗಳ ತೆಗೆದರು. ಹಾಡು ಹಾಕಿ ಕೊಟ್ಟೆ.

ಒಂದು ಭಾನುವಾರ ಮಧ್ಯಾಹ್ನ ಮೂವರೂ ಊಟಕ್ಕೆ ಕೂತಿದ್ದೆವು. ಅಪ್ಪ ಕುರ್ಚಿಯಲ್ಲಿ, ಎದುರಿಗೆ ಸ್ಟೂಲಿನ ಮೇಲೆ ತಟ್ಟೆ. ನಾನೂ ಅಮ್ಮನೂ ಕೆಳಗೆ. ಮುದ್ದೆ, ಸೊಪ್ಪಿನ ಸಾರು. ಅಪ್ಪ ಎಡಗೈಯಲ್ಲಿ ಮುದ್ದೆ ಮುರಿದು, ಸಾರಿನಲ್ಲಿ ಹೊರಳಿಸಿ ನುಂಗಿದ. ಇನ್ನೊಂದು ತುತ್ತು ಬಾಯಿಗಿಟ್ಟು ತಡೆದ. ಅದನ್ನು ಹೇಗೋ ಒಳಗೆ ಕಳಿಸಿ, ತಟ್ಟೆಯನ್ನು ಮುಂದಕ್ಕೆ ತಳ್ಳಿದ.

"ಸಾಕಾ?" ಅಂದಳು ಅಮ್ಮ.

ಅಪ್ಪ ತಲೆಯಾಡಿಸಿದ. ಅಲ್ಲ ಎಂದು.

"ಇನ್ನೊಂಚೂರು ಸಾರು ಬಿಡ್ಲಾ?"

ಅಲ್ಲ. ಮುಖ ಕೆಂಪಾಯಿತು. ಬಾಯಿ ತೆರೆದ, ಮುಚ್ಚಿದ. ತಟ್ಟೆಯನ್ನು ಬೆರಳಿಂದ ಕುಟ್ಟಿದ. ಈಗ ಮನೇದಾ ಬರುತ್ತದೆ ಎಂದು ನಾನು ಕಾದೆ. ತುಟಿ ಮುಂದಕ್ಕೆ ಚಾಚಿತು.

"ಉ," ಅಂದ. "ಉ... ಉಪ್."

ಅಮ್ಮ ತುತ್ತು ಕೈಯಲ್ಲೇ ಹಿಡಿದಳು.

"ಉಪ್ಪು."

ಯಾವ ಕಾರ್ಡಿನಲ್ಲೂ ಇರದ ಮಾತು. ಡಾಕ್ಟರಮ್ಮನೂ ಕಲಿಸಿರಲಿಲ್ಲ. ನಾನು ನನ್ನ ಸಾರನ್ನು ಬೆರಳಲ್ಲಿ ನೆಕ್ಕಿ ನೋಡಿದೆ. ಉಪ್ಪು ಇಲ್ಲವೇ ಇಲ್ಲ.

"ಉಪ್ಪೇ ಹಾಕಿಲ್ವಲ್ಲಮ್ಮ."

"ಬೀಪಿಗೆ ಉಪ್ಪು ತೀರಾ ಕಮ್ಮಿ ಮಾಡಿ ಅಂದವ್ರೆ ಡಾಕ್ಟ್ರು. ಎಲ್ರಿಗೂ ಒಂದೇ ಸಾರು ಮಾಡ್ತಿದ್ದೀನಿ."

"ಎಷ್ಟು ದಿನದಿಂದ?"

"ಆಸ್ಪತ್ರೆಯಿಂದ ಬಂದಾಗಿಂದ." ಅಮ್ಮ ನನ್ನ ಮುಖ ನೋಡಿದಳು. "ನೀನೂ ದಿನಾ ತಿಂದ್ಕಂಡ್ ಎದ್ದೋಗ್ತಿದ್ದೆ. ಒಂದಿನಾನೂ ಕೇಳ್ಲಿಲ್ಲ. ನನ್ಗೂ ಗ್ಯಾನ ಇರ್ಲಿಲ್ಲ ಬಿಡು."

ಅಪ್ಪ ಮತ್ತೆ ತಟ್ಟೆ ಕುಟ್ಟಿದ. ನಮ್ಮ ಸಂಭಾಷಣೆಯಲ್ಲಿ ಅವನಿಗೆ ಆಸಕ್ತಿ ಇರಲಿಲ್ಲ. ಅಮ್ಮ ಎದ್ದು ಹೋಗಿ ಉಪ್ಪಿನ ಡಬ್ಬಿ ತಂದಳು. ತಂದವಳು ಹಾಕದೆ ನಿಂತಳು.

"ಹಾಕ್ಲೇನೋ?"

"ಬೇಡ ಅಂದಿದಾರಲ್ಲಮ್ಮ."

"ಬಾಯ್ಬಿಟ್ಟು ಕೇಳ್ತಾವ್ರಲ್ಲೋ. ಕೇಳ್ತಾವ್ರೆ."

ಮೂರು ಬೆರಳಲ್ಲಿ ಚಿಟಿಕೆ ತೆಗೆದಳು. ಡಾಕ್ಟರರ ನೆನಪಾಗಿ ಅರ್ಧ ವಾಪಸ್ ಡಬ್ಬಿಗೆ ಉದುರಿಸಿದಳು. ಅಪ್ಪ ಆ ಚಿಟಿಕೆಯನ್ನು ನೋಡಿದ, ಅಮ್ಮನ ಮುಖವನ್ನು ನೋಡಿದ.

"ಉಪ್ಪು!" ಅಂದ. ಈ ಸಲ ಬೈಗುಳದ ಹಾಗೆ ಇತ್ತು.

ಅಮ್ಮ ಇನ್ನೊಂದಿಷ್ಟು ಹಾಕಿ, ಬೆರಳು ಕೊಡವಿದಳು. ಅಪ್ಪ ತಟ್ಟೆಯನ್ನು ಹತ್ತಿರಕ್ಕೆ ಎಳೆದುಕೊಂಡು ಕಲಸಿಕೊಂಡು ತಿನ್ನತೊಡಗಿದ. ಡಾಕ್ಟರಮ್ಮನಿಗೆ ಫೋನ್ ಮಾಡಬೇಕು ಎಂದು ನನ್ನ ತಲೆಗೆ ಬಂತು, ಆದರೆ ಕೈ ಎಂಜಲಾಗಿತ್ತು. ನಾನೂ ತಟ್ಟೆಯನ್ನು ಅಮ್ಮನ ಕಡೆ ಸರಿಸಿದೆ. ಅವಳು ನನಗೂ ಒಂದು ಚಿಟಿಕೆ ಹಾಕಿದಳು. ಕಲಸಿ ಬಾಯಿಗಿಟ್ಟೆ. ಸಾರಿಗೆ ಹುಣಸೆಹಣ್ಣು ಜಾಸ್ತಿಯಾಗಿದ್ದು ನಾಲಿಗೆಗೆ ಈಗ ಗೊತ್ತಾಯಿತು.